ಕಾರಿನ ನಂಬರ್ ಪ್ಲೇಟ್ ಮಾಸಿದೆಯೇ, ಮುರಿದಿದೆಯೇ? ಎಚ್‌ಎಸ್‌ಆರ್‌ಪಿ ಬದಲಿಸಿಕೊಳ್ಳುವ ಬಗೆ

ಎಚ್‌ಎಸ್‌ಆರ್‌ಪಿ, ಅಂದರೆ ಅತಿ ಸುರಕ್ಷಿತ ನಂಬರ್ ಪ್ಲೇಟ್, ಹಾಕಿಸಿಯಾಯಿತು, ಇನ್ನು ನಂಬರ್ ಪ್ಲೇಟ್ ಚಿಂತೆ ಮುಗಿಯಿತು ಅಂದುಕೊಂಡಿದ್ದವರೇ ಈಗ ಮತ್ತೆ ಕೇಳುತ್ತಿದ್ದಾರೆ. ಅಕ್ಷರದ ಕಪ್ಪು ಚಕ್ಕೆ ಚಕ್ಕೆಯಾಗಿ ಏಳುತ್ತಿದೆ, ಏನು ಮಾಡಲಿ? ಪಾರ್ಕಿಂಗ್‌ನಲ್ಲಿ ಯಾರೋ ತಾಗಿಸಿ ಹಿಂದಿನ ಪ್ಲೇಟ್ ಮಡಚಿಹೋಗಿದೆ, ಬಡಿದು ನೇರ ಮಾಡಿಸಿದರೆ ಸಾಕೇ? ಮಳೆನೀರು ನಿಂತ ರಸ್ತೆಯಲ್ಲಿ ಬಂದೆ, ಮನೆಗೆ ಬಂದು ನೋಡಿದರೆ ಮುಂದಿನ ಪ್ಲೇಟೇ ಇಲ್ಲ, ಸ್ಟಿಕರ್ ಅಂಗಡಿಯಲ್ಲಿ ಒಂದು ಮಾಡಿಸಿಕೊಳ್ಳಬಹುದೇ?

ಕೊನೆಯ ಪ್ರಶ್ನೆಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಬೇಡ. ಹಳೇ ಕಾಲದ ಪ್ಲೇಟನ್ನು ಯಾರು ಬೇಕಾದರೂ ಬರೆದುಕೊಡಬಹುದಿತ್ತು. ಎಚ್‌ಎಸ್‌ಆರ್‌ಪಿ ಹಾಗಲ್ಲ. ಅದು ಆರ್‌ಸಿಯಷ್ಟೇ ಗಟ್ಟಿಯಾದ ದಾಖಲೆ. ಪ್ರತಿಯೊಂದು ಪ್ಲೇಟಿಗೂ ಅದರದ್ದೇ ಆದ ಒಂದು ಸಂಖ್ಯೆ ಇದೆ, ಆ ಸಂಖ್ಯೆ ನಿಮ್ಮ ಗಾಡಿಯ ಹೆಸರಿನಲ್ಲಿ ಸರ್ಕಾರದ ‘ವಾಹನ್’ ದತ್ತಾಂಶದಲ್ಲಿ ದಾಖಲಾಗಿರುತ್ತದೆ. ಹಾಗಾಗಿ ಬದಲಿಸುವುದು ಎಂದರೆ ಹೊಸ ತಗಡು ಹಾಕುವುದಷ್ಟೇ ಅಲ್ಲ, ಆ ದಾಖಲೆಯನ್ನೂ ಬದಲಿಸಬೇಕು. ಇದೊಂದು ಮಾತು ಮನಸ್ಸಿನಲ್ಲಿದ್ದರೆ ಮುಂದಿನ ಹಂತಗಳೆಲ್ಲ ಯಾಕೆ ಹೀಗಿವೆ ಅನ್ನುವುದು ತಾನಾಗಿ ತಿಳಿಯುತ್ತದೆ.

ಪ್ಲೇಟ್ ಮೇಲೆ ಏನೇನಿದೆ, ಒಮ್ಮೆ ನೋಡಿ

ಎಚ್‌ಎಸ್‌ಆರ್‌ಪಿ ಅಂದರೆ ಹೈ ಸೆಕ್ಯುರಿಟಿ ರಿಜಿಸ್ಟ್ರೇಷನ್ ಪ್ಲೇಟ್, ಅತಿ ಸುರಕ್ಷಿತ ನೋಂದಣಿ ಫಲಕ. ಅದರ ರೂಪ, ಅಳತೆ ಎಲ್ಲವನ್ನೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 50 ಮತ್ತು 51ನೇ ನಿಯಮಗಳು ಹೇಳುತ್ತವೆ. ಒಂದು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಹಾಳೆ, ಅದರ ಮೇಲೆ ಬೆಳಕನ್ನು ಬಂದ ಕಡೆಗೇ ತಿರುಗಿಸುವ ರಿಫ್ಲೆಕ್ಟಿವ್ ಹಾಳೆ, ಉಬ್ಬಿಸಿದ ಅಕ್ಷರಗಳು. ಅಕ್ಷರದ ಕಪ್ಪು ಬಣ್ಣ ಪೇಂಟ್ ಅಲ್ಲ. ಬಿಸಿ ಅಚ್ಚಿನಿಂದ ಒತ್ತಿ ಕೂರಿಸಿದ ತೆಳು ಪದರ. ಹತ್ತಿರ ಹೋಗಿ ಓರೆಯಾಗಿ ನೋಡಿದರೆ ಆ ಕಪ್ಪಿನೊಳಗೇ ‘ಇಂಡಿಯಾ’ ಎಂಬ ಸಣ್ಣ ಬರಹ ಕರ್ಣರೇಖೆಯಂತೆ ಓಡಿರುವುದು ಕಾಣುತ್ತದೆ.

ಎಡಗಡೆ ಮೇಲ್ತುದಿಯಲ್ಲಿ 20 ಮಿಲಿಮೀಟರ್ ಉದ್ದಗಲದ ಹಾಲೋಗ್ರಾಮ್, ಅಶೋಕ ಚಕ್ರದ್ದು. ಅದರ ಕೆಳಗೆ ನೀಲಿಯಲ್ಲಿ ‘ಐಎನ್‌ಡಿ’ ಅಕ್ಷರಗಳು. ಇನ್ನೂ ಕೆಳಗೆ, ಎಡ ಕೆಳತುದಿಯಲ್ಲಿ, ಲೇಸರ್‌ನಿಂದ ಸುಟ್ಟು ಬರೆದ ಸಣ್ಣ ಅಕ್ಷರ–ಅಂಕಿಗಳ ಸಾಲು. ಇದೇ ಲೇಸರ್ ಸಂಖ್ಯೆ. ಕೆಲವರು ಲೇಸರ್ ಕೋಡ್ ಅನ್ನುತ್ತಾರೆ. ಗಾಡಿಯ ನಂಬರ್ ಮುಂದೆಯೂ ಹಿಂದೆಯೂ ಒಂದೇ, ಆದರೆ ಲೇಸರ್ ಸಂಖ್ಯೆ ಎರಡೂ ಪ್ಲೇಟಿಗೆ ಬೇರೆ ಬೇರೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬಹಳ ಸಲ ಬೇಕಾಗುತ್ತದೆ.

ಮುಂದೊಂದು, ಹಿಂದೊಂದು ಪ್ಲೇಟ್ ಅಲ್ಲದೆ ಕಾರಿಗೆ ಮೂರನೆಯ ನೋಂದಣಿ ಗುರುತೂ ಇದೆ. ಮುಂದಿನ ಗಾಜಿನ ಒಳಗೆ ಎಡ ಮೇಲ್ಭಾಗದಲ್ಲಿ ಅಂಟಿಸುವ ಸ್ಟಿಕರ್ ಅದು. ಪೆಟ್ರೋಲ್ ಮತ್ತು ಸಿಎನ್‌ಜಿ ಗಾಡಿಗೆ ತಿಳಿನೀಲಿ, ಡೀಸೆಲ್‌ಗೆ ಕಿತ್ತಳೆ, ಉಳಿದವಕ್ಕೆ ಬೂದು ಬಣ್ಣ. ಬಹಳ ಜನ ಇದನ್ನು ಮರೆತೇಬಿಡುತ್ತಾರೆ.

ನಿಜವಾಗಿ ಬದಲಿಸಬೇಕೇ?

ಸಣ್ಣ ಗೀರು ಬಿದ್ದ ಮಾತ್ರಕ್ಕೆ ಓಡಬೇಕಿಲ್ಲ. ಧೂಳು, ಡಾಂಬರಿನ ಚುಕ್ಕೆ, ಹೆದ್ದಾರಿಯ ಹುಳುಗಳ ಕಲೆ ಇವೆಲ್ಲ ತೊಳೆದರೆ ಹೋಗುತ್ತವೆ. ಮೊದಲು ಶಾಂಪೂ ನೀರು, ಮೆತ್ತನೆ ಬಟ್ಟೆಯಿಂದ ಒರೆಸಿ ನೋಡಿ. ಥಿನ್ನರ್, ಪೆಟ್ರೋಲ್, ಸೀಮೆಎಣ್ಣೆ ಮುಟ್ಟಿಸಬೇಡಿ. ಡಾಂಬರು ಹೋಗಲಿ ಎಂದು ಪೆಟ್ರೋಲ್ ಹಾಕಿ ತಿಕ್ಕಿ, ಅಕ್ಷರದ ಕಪ್ಪನ್ನೇ ತೆಗೆದುಬಿಟ್ಟವರಿದ್ದಾರೆ.

ತೊಳೆದ ಮೇಲೆ ರಾತ್ರಿ ಒಂದು ಪರೀಕ್ಷೆ ಮಾಡಿ. ಕಾರನ್ನು ಕತ್ತಲಲ್ಲಿ ನಿಲ್ಲಿಸಿ, ಹತ್ತು ಹೆಜ್ಜೆ ದೂರದಿಂದ ಮೊಬೈಲ್ ಫ್ಲ್ಯಾಶ್ ಹಾಕಿ ಫೋಟೊ ತೆಗೆಯಿರಿ. ಹಾಳೆ ಚೆನ್ನಾಗಿದ್ದರೆ ಹಿನ್ನೆಲೆ ಒಂದೇ ಸಮ ಹೊಳೆಯುತ್ತದೆ, ಅಕ್ಷರ ಕಪ್ಪಗೆ ಎದ್ದು ಕಾಣುತ್ತದೆ. ಹಗಲಲ್ಲಿ ಸರಿಯಾಗಿದ್ದಂತೆ ಕಂಡ ಪ್ಲೇಟ್ ಈ ಫೋಟೊದಲ್ಲಿ ಅಲ್ಲಲ್ಲಿ ಬೂದುಬಣ್ಣದ ಮಚ್ಚೆಯಾಗಿ ಕಂಡರೆ ಹಾಳೆಯೊಳಗೆ ನೀರು ಸೇರಿದೆ ಎಂದೇ ಅರ್ಥ. ಅದು ಮತ್ತೆ ಸರಿಹೋಗುವುದಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿರುವಂಥ, ನಂಬರನ್ನು ತಾನೇ ಓದಿಕೊಳ್ಳುವ ಕ್ಯಾಮೆರಾಗಳಿಗೆ ಸ್ಪಷ್ಟ ಅಕ್ಷರ ಬೇಕು. ಅರ್ಧ ಅಳಿಸಿದ ‘8’ ಅನ್ನು ಅದು ‘3’ ಎಂದು ಓದಿದರೆ ನಿಮ್ಮ ತಪ್ಪಿಗೆ ಇನ್ಯಾರಿಗೋ ಚಲನ್.

ಬದಲಿಸಲೇಬೇಕಾದ ಸಂದರ್ಭಗಳು ಇವು: ಅಕ್ಷರದ ಕಪ್ಪು ಹೋಗಿ ಓದಲು ಕಷ್ಟವಾಗಿದ್ದರೆ, ಹಾಳೆ ಎದ್ದು ಬರುತ್ತಿದ್ದರೆ, ಪ್ಲೇಟ್ ಸೀಳಿದ್ದರೆ ಅಥವಾ ಅಕ್ಷರದ ಮೇಲೇ ಮಡಿಕೆ ಬಿದ್ದಿದ್ದರೆ, ಹಾಲೋಗ್ರಾಮ್ ಅಥವಾ ಲೇಸರ್ ಸಂಖ್ಯೆ ಕಿತ್ತುಹೋಗಿದ್ದರೆ, ಪ್ಲೇಟ್ ಕಳೆದುಹೋಗಿದ್ದರೆ. ಬರೀ ಮೂಲೆ ಬಾಗಿದ್ದರೆ ಕೈಯಿಂದ ನಿಧಾನವಾಗಿ ನೇರ ಮಾಡಿ ಬಿಟ್ಟುಬಿಡಬಹುದು. ಸುತ್ತಿಗೆಯಿಂದ ಬಡಿದರೆ ಉಬ್ಬಿದ ಅಕ್ಷರ ಚಪ್ಪಟೆಯಾಗುತ್ತದೆ, ಹಾಳೆ ಬಿರಿಯುತ್ತದೆ.

ಮಾರ್ಕರ್ ಪೆನ್ನಿನಿಂದ ತೀಡುವುದು, ಕಪ್ಪು ಪೇಂಟ್ ಹಚ್ಚುವುದು, ಮೇಲೆ ಸ್ಟಿಕರ್ ಅಂಟಿಸುವುದು ಇವ್ಯಾವೂ ದುರಸ್ತಿ ಅಲ್ಲ. ತಪಾಸಣೆಯಲ್ಲಿ ತಿದ್ದಿದ ಪ್ಲೇಟ್ ಎಂದು ಹಿಡಿದರೆ ಮಾಸಿದ ಪ್ಲೇಟಿಗಿಂತ ಹೆಚ್ಚು ವಿವರಣೆ ಕೊಡಬೇಕಾಗುತ್ತದೆ.

ನಿಮ್ಮ ಕಾರಿನಲ್ಲಿ ಇನ್ನೂ ಹಳೇ ಮಾದರಿಯ ಪ್ಲೇಟೇ ಇದ್ದು ಅದು ಮಾಸಿದ್ದರೆ ಅದನ್ನು ಮತ್ತೆ ಬರೆಸಲು ಹೋಗಬೇಡಿ. 2019ರ ಏಪ್ರಿಲ್ 1ಕ್ಕಿಂತ ಮುಂಚೆ ನೋಂದಣಿಯಾದ ಗಾಡಿಗಳಿಗೂ ಎಚ್‌ಎಸ್‌ಆರ್‌ಪಿ ಕಡ್ಡಾಯ ಎಂದು ಕರ್ನಾಟಕ ಸರ್ಕಾರ 2023ರ ಆಗಸ್ಟ್‌ನಲ್ಲಿ ಆದೇಶಿಸಿತು. ಮೊದಲ ಗಡುವು 2023ರ ನವೆಂಬರ್ 17 ಆಗಿತ್ತು, ಆಮೇಲೆ ಹಲವು ಸಲ ಮುಂದಕ್ಕೆ ಹೋಯಿತು. ನೀವು ಮಾಡಬೇಕಾದ್ದು ‘ಬದಲಾವಣೆ’ ಅಲ್ಲ, ಹೊಸ ಎಚ್‌ಎಸ್‌ಆರ್‌ಪಿಗೆ ಬುಕಿಂಗ್. ಹಂತಗಳು ಹೆಚ್ಚೂಕಡಿಮೆ ಇವೇ.

1. ಮೊದಲ ಕೆಲಸ: ಫೋಟೊ ತೆಗೆದಿಡಿ

ಪ್ಲೇಟ್ ಮುಟ್ಟುವ ಮುಂಚೆ ನಾಲ್ಕು ಫೋಟೊ ಬೇಕು. ಕಾರಿನ ಮುಂಭಾಗ ಪೂರ್ತಿ, ಹಿಂಭಾಗ ಪೂರ್ತಿ, ಎರಡೂ ಪ್ಲೇಟಿನ ಲೇಸರ್ ಸಂಖ್ಯೆ ಹತ್ತಿರದಿಂದ. ಲೇಸರ್ ಸಂಖ್ಯೆ ತೀರ ಮಸುಕಾಗಿರುತ್ತದೆ, ನೇರ ಬೆಳಕಿನಲ್ಲಿ ಕಾಣುವುದಿಲ್ಲ. ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಪಕ್ಕದಿಂದ ಬೀಳುವಾಗ, ಇಲ್ಲವೇ ಟಾರ್ಚನ್ನು ಪಕ್ಕಕ್ಕೆ ಓರೆಯಾಗಿ ಹಿಡಿದು ತೆಗೆದರೆ ಸ್ಪಷ್ಟವಾಗಿ ಬರುತ್ತದೆ. ಸಂಖ್ಯೆಯನ್ನು ಕಾಗದದಲ್ಲೂ ಬರೆದುಕೊಳ್ಳಿ. ಸೊನ್ನೆ ಮತ್ತು ‘ಓ’ ಅಕ್ಷರ, ಒಂದು ಮತ್ತು ‘ಐ’ ಅಕ್ಷರ ಅದಲುಬದಲಾಗದಂತೆ ನೋಡಿ.

ಇನ್ನೂ ಪ್ಲೇಟ್ ಚೆನ್ನಾಗಿರುವವರಿಗೂ ಇದು ಅನ್ವಯ. ಇವತ್ತೇ ಹೋಗಿ ಈ ಫೋಟೊ ತೆಗೆದಿಡಿ. ಪ್ಲೇಟ್ ಕಳೆದುಹೋದ ದಿನ ಅದರ ಲೇಸರ್ ಸಂಖ್ಯೆ ಹೇಳಲು ಇದೇ ಸುಲಭ ದಾರಿ. ಫೋಟೊ ತೆಗೆಯುವ ಮುಂಚೆಯೇ ಕಳೆದಿದ್ದರೆ ಮುಂಗಾಜಿನ ಸ್ಟಿಕರ್ ನೋಡಿ, ಅದರಲ್ಲಿ ಲೇಸರ್ ಸಂಖ್ಯೆ ಮುದ್ರಿತವಾಗಿರುತ್ತದೆ. ಜೊತೆಗೆ ಹಳೇ ಅಳವಡಿಕೆಯ ರಸೀದಿ ಇದ್ದರೆ ಹುಡುಕಿ.

2. ಕಳೆದುಹೋಗಿದ್ದರೆ: ಪೊಲೀಸ್ ದೂರು, ತಡಮಾಡದೆ

ಮಾಸಿದ ಅಥವಾ ಮುರಿದ ಪ್ಲೇಟ್ ನಿಮ್ಮ ಕೈಯಲ್ಲೇ ಇದ್ದರೆ ಈ ಹಂತ ಬಿಟ್ಟು ಮುಂದೆ ಹೋಗಿ. ಕಳೆದಿದ್ದರೆ, ಕಳುವಾಗಿದ್ದರೆ, ಬುಕಿಂಗ್‌ಗೂ ಮುಂಚೆ ಠಾಣೆಗೆ ಹೋಗಿ. ಬದಲಿ ಪ್ಲೇಟಿಗೆ ದೂರಿನ ಪ್ರತಿ ಕೇಳುತ್ತಾರೆ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನಿಮ್ಮದು ಅಸಲಿ ಪ್ಲೇಟ್. ಅದು ಬೇರೆಯವರ ಕೈಗೆ ಸಿಕ್ಕಿ ಇನ್ನೊಂದು ಗಾಡಿಯ ಮೇಲೆ ಕೂತರೆ, ಆ ಗಾಡಿ ಮಾಡುವುದೆಲ್ಲ ನಿಮ್ಮ ಹೆಸರಿಗೆ. ಆಗ ನಿಮ್ಮನ್ನು ಕಾಯುವುದು ದೂರಿನ ಮೇಲಿರುವ ದಿನಾಂಕ ಒಂದೇ.

ದೂರಿನಲ್ಲಿ ಗಾಡಿಯ ನಂಬರ್, ಯಾವ ಪ್ಲೇಟ್ (ಮುಂದಿನದೋ ಹಿಂದಿನದೋ), ಅದರ ಲೇಸರ್ ಸಂಖ್ಯೆ, ಕೊನೆಯ ಬಾರಿ ನೋಡಿದ ಜಾಗ ಮತ್ತು ದಿನ ಬರೆಯಿರಿ. ಮೊಹರು ಇರುವ ಪ್ರತಿ ಪಡೆಯದೆ ಬರಬೇಡಿ. ಬರೀ ಬಾಯಿಮಾತಿನಲ್ಲಿ ತಿಳಿಸಿ ಬಂದರೆ ಯಾವ ಪ್ರಯೋಜನವೂ ಇಲ್ಲ.

3. ಯಾರ ಬಳಿ ಹೋಗಬೇಕು?

ಎಲ್ಲರೂ ಎಡವುವುದು ಇಲ್ಲೇ. ಉತ್ತರ ನಿಮ್ಮ ಗಾಡಿ ಯಾವಾಗ ತಯಾರಾಯಿತು ಅನ್ನುವುದರ ಮೇಲಿದೆ.

2019ರ ಏಪ್ರಿಲ್ 1ರಿಂದ ಈಚೆಗೆ ತಯಾರಾಗಿ ಬಂದ ಕಾರುಗಳಿಗೆ ಪ್ಲೇಟ್ ಒದಗಿಸುವ ಹೊಣೆ ಕಾರು ತಯಾರಿಸಿದ ಕಂಪನಿಯದ್ದು, ಅಳವಡಿಸುವುದು ಅವರ ಡೀಲರ್. ಹಾಗಾಗಿ ಅಂಥ ಕಾರಿನ ಪ್ಲೇಟ್ ಹಾಳಾದರೆ ಮೊದಲು ನಿಮ್ಮ ಕಂಪನಿಯ ಅಧಿಕೃತ ಶೋರೂಮ್‌ಗೆ ಫೋನ್ ಮಾಡಿ. ಕೊಂಡ ಶೋರೂಮ್ ದೂರವಿದ್ದರೆ ಅದೇ ಕಂಪನಿಯ ಹತ್ತಿರದ ಶೋರೂಮ್‌ನಲ್ಲಿ ಕೇಳಿ. ಮಾರಾಟ ವಿಭಾಗದವರಿಗಿಂತ ರಿಜಿಸ್ಟ್ರೇಷನ್ ಕೆಲಸ ನೋಡಿಕೊಳ್ಳುವವರನ್ನು ಕೇಳಿದರೆ ಬೇಗ ಉತ್ತರ ಸಿಗುತ್ತದೆ.

ಅದಕ್ಕೂ ಹಳೆಯ ಗಾಡಿಗೆ, ಅಂದರೆ ನೀವೇ ಆನ್‌ಲೈನ್‌ನಲ್ಲಿ ಬುಕ್ ಮಾಡಿ ಹಾಕಿಸಿಕೊಂಡ ಎಚ್‌ಎಸ್‌ಆರ್‌ಪಿಗೆ, ಅದೇ ಆನ್‌ಲೈನ್ ದಾರಿ. ಪ್ಲೇಟ್ ಒದಗಿಸಿದ ತಯಾರಕರು ಯಾರೆಂದು ಹಳೇ ರಸೀದಿಯಲ್ಲಿರುತ್ತದೆ. ಅವರ ಬಳಿಯೇ ಬದಲಾವಣೆಗೆ ಕೇಳುವುದು ಸಲೀಸು.

ಬೇರೆ ರಾಜ್ಯದ ನಂಬರಿನ ಕಾರನ್ನು ಇಲ್ಲಿ ಓಡಿಸುತ್ತಿದ್ದರೆ ಬುಕಿಂಗ್‌ನಲ್ಲಿ ನೋಂದಣಿಯಾದ ರಾಜ್ಯವನ್ನೇ ಆರಿಸಬೇಕು. ಅಳವಡಿಕೆಯ ಕೇಂದ್ರ ಯಾವ ಊರಲ್ಲಿ ಸಿಗುತ್ತದೆ ಎಂದು ಹಣ ಕಟ್ಟುವ ಮುಂಚೆ ನೋಡಿಕೊಳ್ಳಿ. ಇಲ್ಲದಿದ್ದರೆ ಒಂದು ಪ್ಲೇಟಿಗಾಗಿ ರಾಜ್ಯ ದಾಟಬೇಕಾಗುತ್ತದೆ.

ಇನ್ನೊಂದು ಮಾತು. ರಿಫ್ಲೆಕ್ಟಿವ್ ಹಾಳೆಗೆ ಕನಿಷ್ಠ 5 ವರ್ಷದ ಬಾಳಿಕೆಯ ಖಾತ್ರಿ ಇರಬೇಕು ಎಂದು 50ನೇ ನಿಯಮವೇ ಹೇಳುತ್ತದೆ. ನಿಮ್ಮ ಪ್ಲೇಟ್ ಹಾಕಿ ಇನ್ನೂ 5 ವರ್ಷ ಆಗಿಲ್ಲ, ಏಟೂ ಬಿದ್ದಿಲ್ಲ, ಆದರೂ ಹಾಳೆ ಏಳುತ್ತಿದೆ ಅಂದರೆ ಅದು ನಿಮ್ಮ ತಪ್ಪಲ್ಲ. ಹಣ ಕಟ್ಟುವ ಮೊದಲು ರಸೀದಿ ಮತ್ತು ಫೋಟೊ ಕಳಿಸಿ, ಖಾತ್ರಿಯ ಅವಧಿಯಲ್ಲಿ ಬದಲಿಸಿಕೊಡಿ ಎಂದು ಬರವಣಿಗೆಯಲ್ಲಿ ಕೇಳಿ. ಕೇಳದೆ ಯಾರೂ ಕೊಡುವುದಿಲ್ಲ. ಸಂಕೋಚಪಡಬೇಡಿ, ಇದು ನಿಮಗೆ ನ್ಯಾಯವಾಗಿ ಸಲ್ಲಬೇಕಾದ್ದು.

ಅಪಘಾತದಲ್ಲಿ ಬಂಪರ್ ಜೊತೆ ಪ್ಲೇಟೂ ಹೋಗಿದ್ದರೆ ಇನ್ಶೂರೆನ್ಸ್ ಸರ್ವೇಯರ್ ಬಂದಾಗಲೇ ಅದನ್ನು ತೋರಿಸಿ, ವರದಿಯಲ್ಲಿ ಬರೆಸಿ. ಬಂಪರ್ ಬರುವ ಹೊತ್ತಿಗೆ ಪ್ಲೇಟೂ ಬರುವಂತೆ ಅಂದೇ ಬುಕ್ ಮಾಡಿಸಿ. ಟಿಂಕರಿಂಗ್ ಕೆಲಸ ಮುಗಿದು ಗಾಡಿ ಸಿದ್ಧವಾದರೂ ಪ್ಲೇಟ್ ಇಲ್ಲದೆ ಶೆಡ್ಡಿನಲ್ಲೇ ನಿಲ್ಲುವುದು ತಪ್ಪುತ್ತದೆ.

4. ಕೈಯಲ್ಲಿರಬೇಕಾದ ದಾಖಲೆ

ಆರ್‌ಸಿ ಮುಖ್ಯ. ಅದರಲ್ಲಿರುವ ಚಾಸಿ ನಂಬರ್ ಮತ್ತು ಎಂಜಿನ್ ನಂಬರ್ ಬುಕಿಂಗ್‌ನಲ್ಲಿ ಕೇಳುತ್ತಾರೆ, ಸಾಮಾನ್ಯವಾಗಿ ಕೊನೆಯ ಐದು ಅಕ್ಷರ–ಅಂಕಿ. ಇವು ವಾಹನ್ ದತ್ತಾಂಶಕ್ಕೆ ತಾಳೆಯಾಗದಿದ್ದರೆ ಮುಂದಿನ ಪುಟವೇ ತೆರೆಯುವುದಿಲ್ಲ. ಹಳೇ ಪುಸ್ತಕದ ಆರ್‌ಸಿಗಳಲ್ಲಿ ಕೈಬರಹದ ನಂಬರ್ ತಪ್ಪಾಗಿ ಓದಿಕೊಳ್ಳುವುದು ಸಾಮಾನ್ಯ. ಎರಡು ಸಲ ಹಾಕಿಯೂ ಬರದಿದ್ದರೆ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಿಮ್ಮ ಗಾಡಿಯ ವಿವರ ತೆಗೆದು ಹೋಲಿಸಿ. ದತ್ತಾಂಶದಲ್ಲೇ ತಪ್ಪಿದ್ದರೆ ಅದನ್ನು ತಿದ್ದಬೇಕಾದವರು ಆರ್‌ಟಿಒ, ಪ್ಲೇಟ್ ಕೊಡುವವರಲ್ಲ.

ಒಟಿಪಿ ಬರುವ ಮೊಬೈಲ್ ನಿಮ್ಮ ಬಳಿಯೇ ಇರಲಿ. ಸೆಕೆಂಡ್ ಹ್ಯಾಂಡ್ ಕಾರು ಕೊಂಡು ಇನ್ನೂ ಹೆಸರು ವರ್ಗಾವಣೆ ಮಾಡಿಸಿಕೊಳ್ಳದವರು ಮೊದಲು ಅದನ್ನು ಮುಗಿಸಿ. ಹಳೇ ಮಾಲೀಕರಿಗೆ ಫೋನ್ ಮಾಡಿ ಒಟಿಪಿ ಕೇಳುತ್ತಾ ಕೂರುವುದು ಇಬ್ಬರಿಗೂ ಒಳ್ಳೆಯದಲ್ಲ.

5. ಬುಕಿಂಗ್: ಒಂದೊಂದು ಗುಂಡಿಯನ್ನೂ ಓದಿ ಒತ್ತಿ

ಕರ್ನಾಟಕದಲ್ಲಿ ಎರಡು ಬಾಗಿಲುಗಳಿಂದ ಮಾತ್ರ ಒಳಗೆ ಹೋಗಿ: ರಾಜ್ಯ ಸಾರಿಗೆ ಇಲಾಖೆಯ ಜಾಲತಾಣ, ಅಥವಾ ವಾಹನ ತಯಾರಕರ ಸಂಘವಾದ ಸಿಯಾಮ್‌ನ ಜಾಲತಾಣ. ಅಲ್ಲಿ ನಿಮ್ಮ ಗಾಡಿಯ ಕಂಪನಿ ಆರಿಸಿದರೆ ಆ ಕಂಪನಿಗೆ ಪ್ಲೇಟ್ ಮಾಡುವ ತಯಾರಕರ ಪುಟಕ್ಕೆ ಅದೇ ಕರೆದೊಯ್ಯುತ್ತದೆ. ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡ ಜಾಹೀರಾತಿನ ಕೊಂಡಿ ಒತ್ತಬೇಡಿ. ಎಚ್‌ಎಸ್‌ಆರ್‌ಪಿ ಹೆಸರಿನಲ್ಲೇ ನಕಲಿ ಪುಟಗಳು ಹುಟ್ಟಿಕೊಂಡಿವೆ. ಅಸಲಿಯಂತೆಯೇ ಕಾಣುತ್ತವೆ, ಕೊನೆಗೆ ಒಂದು ಕ್ಯುಆರ್ ಕೋಡ್ ತೋರಿಸಿ ಯಾರದೋ ಖಾತೆಗೆ ಹಣ ಹಾಕಿಸಿಕೊಳ್ಳುತ್ತವೆ. ಸಾರಿಗೆ ಇಲಾಖೆಯ ವಿಳಾಸ ‘ಜಿಒವಿ ಡಾಟ್ ಇನ್’ ಎಂದೇ ಮುಗಿಯುತ್ತದೆ, ನೋಡಿಕೊಳ್ಳಿ. ಈಗಾಗಲೇ ಮೋಸಹೋಗಿದ್ದರೆ ಗಂಟೆಗಳ ಲೆಕ್ಕದಲ್ಲಿ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪುಟ ತೆರೆದ ಮೇಲೆ ಹೊಸ ಪ್ಲೇಟ್, ಹಾಳಾದ ಅಥವಾ ಕಳೆದ ಪ್ಲೇಟಿನ ಬದಲಾವಣೆ, ಬರೀ ಸ್ಟಿಕರ್ ಎಂಬ ಬೇರೆ ಬೇರೆ ಆಯ್ಕೆಗಳಿರುತ್ತವೆ. ನಿಮಗೆ ಬೇಕಾದ್ದು ಬದಲಾವಣೆ. ಅದರೊಳಗೆ ಮುಂದಿನದು ಹಾಳಾಗಿದೆ, ಹಿಂದಿನದು ಹಾಳಾಗಿದೆ, ಎರಡೂ ಹಾಳಾಗಿವೆ, ಕಳೆದಿದೆ ಎಂದು ಮತ್ತೆ ಕೇಳುತ್ತದೆ. ಅವಸರದಲ್ಲಿ ‘ಹೊಸದು’ ಒತ್ತಿದವರಿಗೆ ಈ ಗಾಡಿಗೆ ಈಗಾಗಲೇ ಎಚ್‌ಎಸ್‌ಆರ್‌ಪಿ ಕೊಟ್ಟಾಗಿದೆ ಎಂಬ ಸಂದೇಶ ಬಂದು ಅಲ್ಲೇ ನಿಲ್ಲುತ್ತದೆ. ಮುಂದಿನದು ಬೇಕಿದ್ದಾಗ ಹಿಂದಿನದನ್ನು ಆರಿಸಿದರೆ ಇನ್ನೂ ಕಷ್ಟ, ಯಾಕೆಂದರೆ ಒಮ್ಮೆ ಅಚ್ಚಾದ ಪ್ಲೇಟನ್ನು ಹಿಂದೆ ತೆಗೆದುಕೊಳ್ಳುವುದು ಯಾರಿಗೂ ಸುಲಭವಲ್ಲ.

ಗಾಡಿಯ ವರ್ಗ ಸರಿಯಾಗಿದೆಯೇ ನೋಡಿ. ಸ್ವಂತ ಬಳಕೆಯ ಕಾರಿಗೆ ಬಿಳಿ ಪ್ಲೇಟ್ ಕಪ್ಪು ಅಕ್ಷರ, ಟ್ಯಾಕ್ಸಿಗೆ ಹಳದಿ ಪ್ಲೇಟ್ ಕಪ್ಪು ಅಕ್ಷರ, ಸ್ವಂತ ಎಲೆಕ್ಟ್ರಿಕ್ ಕಾರಿಗೆ ಹಸಿರು ಪ್ಲೇಟ್ ಬಿಳಿ ಅಕ್ಷರ. ಅಳತೆಯನ್ನೂ ನೋಡಿ: ಸಾಮಾನ್ಯ ಕಾರಿಗೆ 500 × 120 ಮಿಲಿಮೀಟರ್‌ನ ಉದ್ದ ಪ್ಲೇಟ್. ಹಿಂದೆ ಚೌಕದಂಥ ಜಾಗವಿರುವ ಕೆಲವು ಜೀಪು ಮಾದರಿಯ ಗಾಡಿಗಳಿಗೆ 340 × 200ರದ್ದು. ನಿಮ್ಮ ಹಳೇ ಪ್ಲೇಟನ್ನು ಟೇಪಿನಿಂದ ಅಳೆದು ನೋಡಿದರೆ ಅನುಮಾನವೇ ಇರುವುದಿಲ್ಲ.

ಹಣ ಆನ್‌ಲೈನ್‌ನಲ್ಲೇ ಕಟ್ಟಬೇಕು. ಅಳವಡಿಸುವ ಜಾಗದಲ್ಲಿ ನಗದು ಕೊಡುವ ಪದ್ಧತಿ ಇಲ್ಲ. ‘ಕ್ಲಿಪ್‌ಗೆ ಬೇರೆ, ಫ್ರೇಮ್‌ಗೆ ಬೇರೆ, ಫಿಟ್ಟಿಂಗ್‌ಗೆ ಬೇರೆ’ ಎಂದು ಕೇಳಿದರೆ ರಸೀದಿ ತೋರಿಸಿ, ಅದರಲ್ಲಿ ಏನು ಬರೆದಿದೆ ಓದಿ ಹೇಳಿ. ಮನೆ ಬಾಗಿಲಿಗೇ ಬಂದು ಅಳವಡಿಸುವ ಸೌಲಭ್ಯಕ್ಕೆ ಹೆಚ್ಚುವರಿ ಶುಲ್ಕ ಇರುತ್ತದೆ, ಅದನ್ನೂ ಬುಕಿಂಗ್‌ನಲ್ಲೇ ಕಟ್ಟಿರುತ್ತೀರಿ.

6. ಪ್ಲೇಟ್ ಬರುವವರೆಗೆ

ಹಾಳಾದ ಪ್ಲೇಟನ್ನು ಬಿಚ್ಚಿ ಮನೆಯಲ್ಲಿಡಬೇಡಿ, ಗಾಡಿಯ ಮೇಲೇ ಇರಲಿ. ಅಲ್ಲಾಡುತ್ತಿದ್ದರೆ ತೂತಿನ ಮೂಲಕ ಕೇಬಲ್ ಟೈ ಹಾಕಿ ಬಿಗಿಯಿರಿ. ಅದು ಅಕ್ಷರದ ಮೇಲೆ ಹಾಯಬಾರದು. ಬುಕಿಂಗ್ ರಸೀದಿಯನ್ನು ಮುದ್ರಿಸಿ ಕಾರಿನಲ್ಲಿಡಿ, ಮೊಬೈಲ್‌ನಲ್ಲೂ ಇರಲಿ. ಕಳೆದುಹೋದವರು ದೂರಿನ ಪ್ರತಿಯನ್ನೂ ಜೊತೆಗಿಡಿ. ಇವು ದಂಡದಿಂದ ಪೂರ್ತಿ ರಕ್ಷಣೆ ಅಲ್ಲ, ಆದರೆ ನಿಲ್ಲಿಸಿ ಕೇಳಿದ ಪೊಲೀಸರಿಗೆ ನೀವು ಸುಮ್ಮನೆ ಕೂತಿಲ್ಲ ಎಂದು ತೋರಿಸಲು ಇದಕ್ಕಿಂತ ಬೇರೆ ಸಾಕ್ಷಿ ಇಲ್ಲ. ದೂರದ ಪ್ರಯಾಣ ಮುಂದೂಡಲು ಆಗುವುದಾದರೆ ಮುಂದೂಡಿ.

7. ಅಳವಡಿಸುವ ದಿನ

ಪ್ಲೇಟನ್ನು ಕೈಗೆ ಕೊಟ್ಟು ‘ನೀವೇ ಹಾಕಿಕೊಳ್ಳಿ’ ಎಂದರೆ ಒಪ್ಪಬೇಡಿ. ಗಾಡಿಯನ್ನು ಕೇಂದ್ರಕ್ಕೆ ಒಯ್ದರೂ, ಮನೆಗೇ ಕರೆಸಿಕೊಂಡರೂ ಅವರೇ ಅಳವಡಿಸಬೇಕು.

ಪ್ಲೇಟನ್ನು ಕೂರಿಸುವುದು ಸ್ನ್ಯಾಪ್ ಲಾಕ್‌ನಿಂದ. ಒಂದೇ ಬಾರಿ ಬಳಸಬಹುದಾದ ಬೀಗದಂಥ ಮೊಳೆ ಅದು. ಒಮ್ಮೆ ಕಚ್ಚಿಕೊಂಡರೆ ಬಿಚ್ಚಲು ಬರುವುದಿಲ್ಲ, ಒಡೆಯಬೇಕು. ಹಳೆಯದನ್ನು ತೆಗೆಯುವಾಗ ಅದರ ತಲೆಯನ್ನು ಡ್ರಿಲ್‌ನಿಂದ ಕೊರೆಯುತ್ತಾರೆ ಅಥವಾ ಕತ್ತರಿಸುತ್ತಾರೆ. ಉಳಿಯಿಟ್ಟು ಸುತ್ತಿಗೆಯಿಂದ ಹೊಡೆಯಲು ಹೊರಟರೆ ತಡೆಯಿರಿ. ಪ್ಲಾಸ್ಟಿಕ್ ಬಂಪರ್ ಬಿರಿಯುತ್ತದೆ, ಡಿಕ್ಕಿಯ ಬಾಗಿಲಿನ ಪೇಂಟ್ ಏಳುತ್ತದೆ. ಡ್ರಿಲ್ ಹಿಡಿಯುವಾಗ ಸುತ್ತಲೂ ಮಾಸ್ಕಿಂಗ್ ಟೇಪ್ ಅಂಟಿಸಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಟೇಪ್ ನೀವೇ ಒಯ್ದರೆ ಇನ್ನೂ ಒಳ್ಳೆಯದು.

ಹಳೇ ಪ್ಲೇಟ್ ಬಿಚ್ಚಿದ ಕ್ಷಣ ಅದರ ಹಿಂದೆ ಏನಿದೆ ನೋಡಿ. ಅಲ್ಲಿ ವರ್ಷಗಟ್ಟಲೆ ಕೈ ಹೋಗಿರುವುದಿಲ್ಲ: ಕೆಸರಿನ ಪದರ, ತೂತಿನ ಸುತ್ತ ಕೆಂಪಗೆ ತುಕ್ಕು. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ. ತಗಡಿನ ತೂತಿನ ಅಂಚಿಗೆ ತುಕ್ಕು ಹಿಡಿದಿದ್ದರೆ ಉಪ್ಪುಕಾಗದದಿಂದ ತಿಕ್ಕಿ ಟಚ್‌ಅಪ್ ಪೇಂಟ್‌ನ ಒಂದು ಹನಿ ಹಚ್ಚಿ. ಕರಾವಳಿಯಲ್ಲಿ ಗಾಡಿ ಓಡಿಸುವವರಿಗಂತೂ ಇದು ಕಡ್ಡಾಯ ಅನ್ನುವಷ್ಟು ಮುಖ್ಯ, ಉಪ್ಪುಗಾಳಿಗೆ ಆ ತೂತಿನಿಂದಲೇ ಡಿಕ್ಕಿಯ ಬಾಗಿಲು ತಿನ್ನಲು ಶುರುವಾಗುತ್ತದೆ. ಈ ಅವಕಾಶ ಮತ್ತೆ ಸಿಗುವುದು ಮುಂದಿನ ಪ್ಲೇಟ್ ಹಾಳಾದಾಗಲೇ.

ಇರುವ ತೂತುಗಳಿಗೇ ಹೊಸ ಪ್ಲೇಟ್ ಹೊಂದಿಸಿ ಎಂದು ಹೇಳಿ. ಹೊಸ ತೂತು ಕೊರೆಯಲೇಬೇಕಾದರೆ ಪ್ಲೇಟಿನಲ್ಲಿ ಅದು ಅಕ್ಷರ, ಹಾಲೋಗ್ರಾಮ್, ಲೇಸರ್ ಸಂಖ್ಯೆ ಯಾವುದರ ಮೇಲೂ ಬೀಳಬಾರದು. ಇತ್ತೀಚಿನ ಕಾರುಗಳಲ್ಲಿ ಬಂಪರ್ ಹಿಂದೆ ಸೆನ್ಸಾರ್, ಕ್ಯಾಮೆರಾ, ಕೆಲವದರಲ್ಲಿ ರೇಡಾರ್ ಕೂಡ ಇರುತ್ತದೆ. ಕಂಪನಿ ಕೊಟ್ಟ ಜಾಗ ಬಿಟ್ಟು ಪ್ಲೇಟನ್ನು ಮೇಲೆ ಕೆಳಗೆ ಸರಿಸುವುದು, ಕಣ್ಣುಮುಚ್ಚಿ ಡ್ರಿಲ್ ಮಾಡುವುದು ಎರಡೂ ಅಪಾಯ.

ಬಂಪರ್ ಮೇಲ್ಮೈ ಬಾಗಿದ್ದರೆ ಪ್ಲೇಟಿನ ಹಿಂದೆ ಎರಡು ಕಡೆ ತೆಳು ಫೋಮ್ ಅಂಟಿಸಿದರೆ ಗಡಗಡ ಸದ್ದು ಬರುವುದಿಲ್ಲ. ಆ ಸದ್ದು ಕಿವಿಗೆ ಕಿರಿಕಿರಿ ಅಷ್ಟೇ ಅಲ್ಲ, ಸ್ನ್ಯಾಪ್ ಲಾಕ್ ಸಡಿಲವಾಗಿ ಪ್ಲೇಟ್ ಬೀಳಲು ಕಾರಣವೂ ಅದೇ.

8. ಅಲ್ಲೇ ನಿಂತು ಪರಿಶೀಲಿಸಿ

ಕೂರಿಸುವ ಮುಂಚೆಯೇ ಪ್ಲೇಟನ್ನು ಕೈಗೆ ತೆಗೆದುಕೊಂಡು ಆರ್‌ಸಿ ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ಓದಿ. ಅಚ್ಚಿನ ತಪ್ಪು ಅಪರೂಪ, ಆದರೆ ಸ್ನ್ಯಾಪ್ ಲಾಕ್ ಕಚ್ಚಿದ ಮೇಲೆ ಕಂಡರೆ ಎಲ್ಲವೂ ಮೊದಲಿನಿಂದ. ಕಾರಿನ ಪ್ಲೇಟಿನಲ್ಲಿ ಅಕ್ಷರದ ಎತ್ತರ 65 ಮಿಲಿಮೀಟರ್, ದಪ್ಪ 10, ನಡುವಿನ ಜಾಗ 10. ಅಳೆಯುವ ಅಗತ್ಯವಿಲ್ಲ, ಹಳೇ ಪ್ಲೇಟಿನ ಪಕ್ಕ ಇಟ್ಟರೆ ವ್ಯತ್ಯಾಸ ಗೊತ್ತಾಗುತ್ತದೆ. ಹಾಲೋಗ್ರಾಮ್, ನೀಲಿ ಅಕ್ಷರ, ಲೇಸರ್ ಸಂಖ್ಯೆ ಮೂರೂ ಇವೆಯೇ ನೋಡಿ. ಹಾಲೋಗ್ರಾಮ್ ಉಗುರಿಗೆ ಸಿಕ್ಕಿ ಏಳುವಂತಿದ್ದರೆ ಅದು ಅಂಟಿಸಿದ ನಕಲು. ಅಸಲಿಯಲ್ಲಿ ಅದು ಬಿಸಿ ಅಚ್ಚಿನಿಂದ ಹಾಳೆಯಲ್ಲೇ ಸೇರಿರುತ್ತದೆ.

ಹೊಸ ಲೇಸರ್ ಸಂಖ್ಯೆ ರಸೀದಿಯಲ್ಲಿರುವುದಕ್ಕೆ ತಾಳೆಯಾಗಬೇಕು. ಹೊಸ ಫೋಟೊ ಈಗಲೇ ತೆಗೆಯಿರಿ.

ಹಳೇ ಪ್ಲೇಟ್ ಏನಾಯಿತು? ಹಳೆಯದನ್ನು ಒಪ್ಪಿಸಿ, ಅದು ನಾಶವಾದದ್ದು ಖಚಿತವಾದ ಮೇಲಷ್ಟೇ ಬದಲಿ ಕೊಡಬೇಕು ಎಂಬುದು ನಿಯಮ. ಹಾಗಾಗಿ ‘ನೆನಪಿಗೆ ಇರಲಿ’ ಎಂದು ಮನೆಗೆ ತರಬೇಡಿ, ಗುಜರಿಗೆ ಹಾಕಬೇಡಿ. ನಿಮ್ಮ ಕಣ್ಣೆದುರೇ ಕತ್ತರಿಸಿ ಎಂದು ಕೇಳಿ. ಅದರ ಒಂದು ಫೋಟೊ, ಒಪ್ಪಿಸಿದ್ದಕ್ಕೆ ರಸೀದಿಯ ಮೇಲೆ ಒಂದು ಸಾಲು ಬರೆಸಿಕೊಳ್ಳಿ. ಮೂಲೆಯಲ್ಲಿ ಬಿಸಾಕಿದ ಅಸಲಿ ಪ್ಲೇಟ್ ಯಾರ ಕೈಗಾದರೂ ಸಿಗಬಹುದು.

9. ಮುಂಗಾಜಿನ ಸ್ಟಿಕರ್ ಬಿಡಬೇಡಿ

ಇದನ್ನು ಪ್ರತ್ಯೇಕವಾಗಿ ಬರೆಯಲು ಕಾರಣವಿದೆ. ಆ ಸ್ಟಿಕರ್‌ನಲ್ಲಿ ಗಾಡಿಯ ನಂಬರ್, ನೋಂದಣಿ ಕಚೇರಿ, ಎಂಜಿನ್ ಮತ್ತು ಚಾಸಿ ನಂಬರ್ ಜೊತೆಗೆ ಪ್ಲೇಟುಗಳ ಲೇಸರ್ ಸಂಖ್ಯೆಯೂ ಇರುತ್ತದೆ. ಒಂದೇ ಪ್ಲೇಟ್ ಬದಲಿಸಿದರೂ ಅದರ ಲೇಸರ್ ಸಂಖ್ಯೆ ಬದಲಾಯಿತು, ಹಾಗಾಗಿ ಹಳೇ ಸ್ಟಿಕರ್ ಈಗ ತಪ್ಪು ಮಾಹಿತಿ ಹೇಳುತ್ತಿದೆ. ಹೊಸ ಸ್ಟಿಕರ್ ಕೇಳಿ ಪಡೆಯಿರಿ. ಹಳೆಯದನ್ನು ಕಿತ್ತರೆ ಅದು ಚೂರಾಗುತ್ತದೆ; ಬೇರೆಡೆ ಅಂಟಿಸಲಾಗದಂತೆ ಅದನ್ನು ಹಾಗೇ ಮಾಡಿರುತ್ತಾರೆ. ಮುಂಗಾಜು ಒಡೆದು ಬದಲಿಸಿದವರಿಗೂ ಬರೀ ಸ್ಟಿಕರ್ ಪಡೆಯುವ ಆಯ್ಕೆ ಬುಕಿಂಗ್‌ನಲ್ಲಿದೆ, ಅದಕ್ಕೆ ಎರಡೂ ಪ್ಲೇಟಿನ ಲೇಸರ್ ಸಂಖ್ಯೆ ಬೇಕು. ಮೊದಲ ಹಂತದ ಫೋಟೊ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ.

10. ಆಮೇಲೆ ನೋಡಬೇಕಾದ್ದು

ಕೆಲವು ದಿನ ಬಿಟ್ಟು ಹೊಸ ಲೇಸರ್ ಸಂಖ್ಯೆ ವಾಹನ್ ದತ್ತಾಂಶದಲ್ಲಿ ಸೇರಿದೆಯೇ ಎಂದು ಅಳವಡಿಸಿದವರಲ್ಲಿ ವಿಚಾರಿಸಿ. ಸೇರಿಲ್ಲದಿದ್ದರೆ ರಸೀದಿ ಸಂಖ್ಯೆ ಹಾಕಿ ಬರವಣಿಗೆಯಲ್ಲಿ ದೂರು ಕೊಡಿ. ಗಾಡಿ ಮಾರುವಾಗ ಈ ಒಂದು ತಾಳೆಯಾಗದ ಸಂಖ್ಯೆಯಿಂದ ವ್ಯವಹಾರ ನಿಲ್ಲುವುದು ಬೇಡ.

ಪ್ಲೇಟ್ ಬೇಗ ಹಾಳಾಗುವುದು ಹೆಚ್ಚಾಗಿ ವಾಟರ್ ಸರ್ವಿಸ್‌ನಲ್ಲಿ. ನೀರಿನ ಜೆಟ್ಟನ್ನು ಪ್ಲೇಟಿನ ಅಂಚಿಗೆ ಹತ್ತಿರದಿಂದ ಹಿಡಿದರೆ ಹಾಳೆಯ ಕೆಳಗೆ ನೀರು ನುಗ್ಗುತ್ತದೆ. ಒಂದು ಗೇಣಿಗಿಂತ ಹೆಚ್ಚು ದೂರದಿಂದ, ನೇರವಾಗಿ ಹಿಡಿಯಲು ಹೇಳಿ. ಪಾಲಿಶ್ ಮಾಡುವವರು ಬಫಿಂಗ್ ಯಂತ್ರವನ್ನು ಪ್ಲೇಟಿನ ಮೇಲೂ ಓಡಿಸಿಬಿಡುತ್ತಾರೆ, ಅಕ್ಷರದ ಉಬ್ಬಿದ ಅಂಚಿನ ಕಪ್ಪು ಮೊದಲು ಹೋಗುವುದು ಹಾಗೆ. ಪ್ಲೇಟ್ ಮೇಲೆ ಪಾರದರ್ಶಕ ಅಕ್ರಿಲಿಕ್ ಹೊದಿಕೆ ಹಾಕಿದರೆ ಒಳಗೆ ಧೂಳು, ತೇವ ಕೂತು ಹಾಳೆ ಮಾಸುತ್ತದೆ, ರಾತ್ರಿ ಬೆಳಕು ಬಿದ್ದಾಗ ಹೊದಿಕೆಯೇ ಹೊಳೆದು ನಂಬರ್ ಕಾಣುವುದಿಲ್ಲ. ಅದನ್ನು ಹಾಕಿಸಲೇಬೇಡಿ.

ಹಿಂದಿನ ಪ್ಲೇಟ್ ಬದಲಿಸಿದ ರಾತ್ರಿ ಹೆಡ್‌ಲೈಟ್ ಹಾಕಿ ಹಿಂದೆ ಹೋಗಿ ನೋಡಿ. ಪ್ಲೇಟಿನ ಮೇಲೆ ಬೆಳಕು ಚೆಲ್ಲುವ ಪುಟ್ಟ ಬಲ್ಬುಗಳು ಎಷ್ಟೋ ಕಾರುಗಳಲ್ಲಿ ಸುಟ್ಟುಹೋಗಿ ತಿಂಗಳುಗಳೇ ಆಗಿರುತ್ತವೆ, ಒಳಗೆ ಕೂತವರಿಗೆ ಗೊತ್ತೇ ಇರುವುದಿಲ್ಲ. ಎರಡು ಬಲ್ಬಿದ್ದು ಒಂದು ಹೋಗಿದ್ದರೂ ಬದಲಿಸಿ, ಬಿಳಿ ಬೆಳಕಿನದ್ದೇ ಹಾಕಿಸಿ.